ದೋಣಿಯ ಬ್ಯಾಟರಿ ಮೌನವಾದಾಗ

ದೋಣಿಯನ್ನು ದಕ್ಕೆಗೆ ಕಟ್ಟಿ ಮಾಲೀಕ ಮನೆಗೆ ಹೋದ ಮೇಲೂ ಅದರ ಬ್ಯಾಟರಿಗೆ ಬಿಡುವಿಲ್ಲ. ತಳದಲ್ಲಿ ಜಿನುಗಿ ಸೇರುವ ನೀರನ್ನು ಹೊರಹಾಕುವ ಪಂಪು ಅದರ ಬಲದಿಂದಲೇ ನಡೆಯಬೇಕು. ಬ್ಯಾಟರಿ ಬರಿದಾದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಕಟ್ಟಿದಲ್ಲೇ ದೋಣಿ ಮುಳುಗಬಹುದು. ಹಾಗಾಗಿ ದೂರದ ಊರಿನಲ್ಲಿದ್ದು ಇಂಟರ್‌ನೆಟ್ ಮೂಲಕ ಬ್ಯಾಟರಿಯ ಸ್ಥಿತಿ ನೋಡುವುದು ಶೋಕಿಯಲ್ಲ. ಆದರೆ ದೋಣಿಯನ್ನು ಕಾಯುವುದು ಮೊಬೈಲಿನಲ್ಲಿ ಕಾಣುವ ಅಂಕಿಯಲ್ಲ; ಆ ಅಂಕಿ ಬರುವುದು ನಿಂತಾಗ ನಮ್ಮನ್ನು ಎಬ್ಬಿಸುವ ಏರ್ಪಾಡು. ಈ ತಂತ್ರದ ಚರಿತ್ರೆಯೇ ಅದನ್ನು ಹೇಳುತ್ತದೆ.

ಸೇಂಟ್ ಪೀಟರ್ಸ್‌ಬರ್ಗಿನ ನೆವಾ ನದಿಯಲ್ಲಿ ಮೊರಿಟ್ಸ್ ಯಾಕೋಬಿ ವಿದ್ಯುತ್ ದೋಣಿ ನಡೆಸಿದ್ದು 1838ರಲ್ಲಿ. ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ರೂಪಿಸಿದ. ಅದರ ಸ್ಥಿತಿ ತಿಳಿಯಲು ಹತ್ತಿರ ಹೋಗಿ, ಮುಚ್ಚಳ ತಿರುಗಿಸಿ, ಹೈಡ್ರೋಮೀಟರಿನ ರಬ್ಬರ್ ಬುಗ್ಗೆ ಹಿಸುಕಿ ಆಮ್ಲವನ್ನು ಮೇಲೆಳೆದು, ಒಳಗಿನ ಗಾಜಿನ ತೇಲುಕ ಎಷ್ಟು ಮುಳುಗಿದೆ ಎಂದು ಕಣ್ಣಿಟ್ಟು ನೋಡಬೇಕಿತ್ತು. ಜಲಾಂತರ್ಗಾಮಿಗಳ ನಾವಿಕರೂ ಹೀಗೆಯೇ ಅಳೆಯುತ್ತಿದ್ದರು. ವೋಲ್ಟ್‌ಮೀಟರ್ ಬಂದು ಕೈಗೆ ಆಮ್ಲ ತಾಗುವುದು ತಪ್ಪಿತು, ಅನುಮಾನ ತಪ್ಪಲಿಲ್ಲ. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿದ್ದರೆ ಸುಮಾರು 12.7 ತೋರಿಸುತ್ತದೆ, ಅರ್ಧ ಖಾಲಿಯಾಗಿದ್ದರೆ 12.2. ಪಂಪೋ ಚಾರ್ಜರೋ ಓಡುತ್ತಿದ್ದರೆ ಈ ಅರ್ಧ ವೋಲ್ಟಿನ ಲೆಕ್ಕವೂ ಕೆಡುತ್ತದೆ. ಬಳಿಕ ಬಂದದ್ದು ನೆಗೆಟಿವ್ ವೈರಿನಲ್ಲಿ ಕೂರಿಸುವ ಷಂಟ್ ಎಂಬ ಅಲ್ಪ ರೋಧಕ. ಸಾಮಾನ್ಯ ಮಾದರಿಯೊಂದರಲ್ಲಿ 500 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ ಕೇವಲ 50 ಮಿಲಿವೋಲ್ಟ್ ಅಂತರ. ಅದನ್ನೇ ಅಳೆದು ಬ್ಯಾಟರಿಗೆ ಸೇರಿದ್ದು, ಬ್ಯಾಟರಿಯಿಂದ ಹೋದದ್ದು ಎರಡನ್ನೂ ಎಣಿಸುತ್ತಾರೆ. ಲಿಥಿಯಂ ಬ್ಯಾಟರಿಯ ವೋಲ್ಟೇಜು ಬಹುಪಾಲು ಒಂದೇ ಸಮ ನಿಲ್ಲುವುದರಿಂದ ಅಲ್ಲಿ ಈ ಎಣಿಕೆ ಇಲ್ಲದೆ ನಡೆಯದು.

ದೂರಕ್ಕೆ ಸುದ್ದಿ ಕಳಿಸುವ ದಾರಿ ಸಿಕ್ಕಿದ್ದು ದೋಣಿಯಿಂದಲ್ಲ, ತೈಲದ ಕೊಳವೆಮಾರ್ಗದಿಂದ. ಉಪಗ್ರಹದ ದುಬಾರಿ ಸಂಪರ್ಕದಲ್ಲಿ ಕೊಳವೆಮಾರ್ಗಗಳ ಮೇಲೆ ಕಣ್ಣಿಡಲು ಆ್ಯಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಎಂಕ್ಯೂಟಿಟಿ ಎಂಬ ಪುಟ್ಟ ಸಂದೇಶ ಪದ್ಧತಿ ರೂಪಿಸಿದರು. ಇಂದು ಅನೇಕ ದೋಣಿಗಳ ಬ್ಯಾಟರಿ ಮಾಹಿತಿಯೂ ಅದರಲ್ಲೇ ಸಾಗುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಗುಣವೊಂದು ಅದರಲ್ಲಿದೆ: ಮಾಹಿತಿ ಕಳಿಸುವ ಉಪಕರಣ ತನ್ನ ಮೃತ್ಯುಪತ್ರವನ್ನು ಮೊದಲೇ ಸರ್ವರ್‌ಗೆ ಒಪ್ಪಿಸಿರುತ್ತದೆ. ಸಂಪರ್ಕ ಹಠಾತ್ತನೆ ಕಡಿದರೆ ಸರ್ವರ್ ಆ ಪತ್ರವನ್ನು ಹೊರಡಿಸುತ್ತದೆ.

ಈ ಉಪಕರಣವೇ ಬ್ಯಾಟರಿಯನ್ನು ತಿನ್ನುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಿನ್ನುತ್ತದೆ; ಚಳಿಗಾಲವಿಡೀ ಚಾರ್ಜ್ ಇಲ್ಲದೆ ನಿಲ್ಲುವ ಸಣ್ಣ ದೋಣಿಗೆ ಅದು ದೊಡ್ಡ ಖರ್ಚೇ. ಆದರೆ ನಿದ್ದೆಮಾಡಿ ಆಗಾಗ ಎದ್ದು ಸುದ್ದಿ ಕಳಿಸುವಂತೆ ಅದನ್ನು ಹೊಂದಿಸಬಹುದು. ನೆಟ್‌ವರ್ಕ್ ಹೋದರೆ ಸುಳ್ಳು ಎಚ್ಚರಿಕೆ ಬರುತ್ತದಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಬರುತ್ತದೆ ನಿಜ, ಆದರೂ ದಕ್ಕೆಯವರಿಗೆ ಒಂದು ಫೋನು ಮಾಡಿ ವಿಚಾರಿಸುವ ಶ್ರಮ ಮುಳುಗಿದ ದೋಣಿಯ ಮುಂದೆ ಏನೂ ಅಲ್ಲ. ಇಂಥ ಮೌನವನ್ನು ದೊಡ್ಡ ಹಡಗುಗಳಲ್ಲೂ ಹಗುರವಾಗಿ ಕಾಣುವಂತಿಲ್ಲ. 2019ರ ಅಕ್ಟೋಬರಿನಲ್ಲಿ ನಾರ್ವೆಯ ಇಟ್ಟೆರೊಯ್ನಿಂಗೆನ್ ಎಂಬ ಫೆರಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು. ಮರುದಿನ ಅನಿಲ ಸ್ಫೋಟವೂ ಆಯಿತು. ಬ್ಯಾಟರಿಗೂ ಅದನ್ನು ನಿಯಂತ್ರಿಸುವ ವ್ಯವಸ್ಥೆಗೂ ಸಂಪರ್ಕವಿಲ್ಲದೆ ಇಂಥ ಹಡಗು ಹೊರಡಬಾರದೆಂದು ಆ ಬಳಿಕ ಸೂಚನೆ ಹೊರಬಿತ್ತು.