ಮುದ್ದೆ ಅದೇ, ದುಡಿಮೆ ಎಲ್ಲಿ?
(ಬೆಳ್ಳಿ ಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಸದಸ್ಯರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಕಾಯಿಲೆ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ಸಾಲ, ಷೇರು, ಡಿವಿಡೆಂಡು ಎಲ್ಲಾ ಸರಿ. ಅದನ್ನು ಅನುಭವಿಸೋಕೆ ಸದಸ್ಯರು ಗಟ್ಟಿಯಾಗಿರಬೇಕಲ್ಲ! ನಮ್ಮ ಪೈಕಿ ಹಲವರಿಗೆ ಈಚೆಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿದೆ. ನಾವು ಕಲಿತ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇವೆ.

ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಯಡಿಯೂರು ಇವೆಲ್ಲ ಹೊಲ, ಕೆರೆ ಇದ್ದ ಊರುಗಳು. 1948ರಲ್ಲಿ ಜಯನಗರ ಬಡಾವಣೆ ಶುರುವಾಯಿತು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬಂದವು. ಹೊಲ ಹೋಗಿ ಸೈಟಾಯಿತು. ನೇಗಿಲ ಹಿಂದೆ ನಡೆದವರಿಗೆ ಎರಡು ಮುದ್ದೆ ಅರಗುತ್ತಿತ್ತು. ಅಂಗಡಿ ಗಲ್ಲಾದ ಮುಂದೆ ಕೂತವರಿಗೂ ಎರಡೇ ಮುದ್ದೆ! ಮುದ್ದೆ ಕೆಟ್ಟದ್ದಲ್ಲ, ದುಡಿಮೆ ಹೋಯಿತು. ವಂಶದಲ್ಲಿ ಕಾಯಿಲೆ ಇದ್ದವರಿಗಂತೂ ಇದು ಬೇಗ ಬರುತ್ತದೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳು. ಆದ್ದರಿಂದ ನಾಚಿಕೆ ಪಡುವ ಕಾರಣವೇ ಇಲ್ಲ.

ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 126 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ, ಸಾಮಾನ್ಯವಾಗಿ ಇನ್ನೊಮ್ಮೆ ಪರೀಕ್ಷಿಸಿ ಕಾಯಿಲೆ ಖಚಿತ ಮಾಡುತ್ತಾರೆ. ಮೊದಮೊದಲು ನೋವಿಲ್ಲ, ನರಳಾಟವಿಲ್ಲ. ಅದೇ ಅಪಾಯ. "ಚೆನ್ನಾಗೇ ಇದೀನಲ್ಲ, ಮಾತ್ರೆ ಯಾಕೆ?" ಅಂತ ಬಿಟ್ಟುಬಿಡುತ್ತಾರೆ. ಸಕ್ಕರೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ತಿನ್ನುತ್ತಿರುತ್ತದೆ. ಲೆಕ್ಕ ಸರಿ ಬಂತೆಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಅವರಿವರು ಹೇಳಿದ ಸೊಪ್ಪಿನ ರಸ ಕುಡಿದು, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಇನ್ನು ಊಟ. ಎರಡು ಮುದ್ದೆ ಒಂದಾಗಲಿ, ಅದೂ ಸಣ್ಣದಾಗಲಿ. ತಟ್ಟೆಯ ಅರ್ಧ ಸೊಪ್ಪು, ತರಕಾರಿ ಇರಲಿ. ಜೊತೆಗೆ ಕಾಳಿನ ಬಸ್ಸಾರು, ಮಜ್ಜಿಗೆ. ರಾಗಿ ಎಷ್ಟು ತಿಂದರೂ ಸಕ್ಕರೆ ಏರದು ಎನ್ನುವುದು ತಪ್ಪು. ಬೆಲ್ಲ, ಜೇನುತುಪ್ಪವೂ ಸಕ್ಕರೆಯೇ. ಯುಗಾದಿಗೆ ಒಬ್ಬಟ್ಟಿನ ತುಂಡು ಬಾಯಿಗಿಟ್ಟರೆ, ಆ ಹೊತ್ತು ಅನ್ನ ಕಡಿಮೆ ಮಾಡಿ. ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆಯಿರಿ. ಯಡಿಯೂರು ಕೆರೆ, ಪುಟ್ಟೇನಹಳ್ಳಿ ಕೆರೆಯ ದಂಡೆಗಳು ಇರೋದು ಯಾತಕ್ಕೆ?

ಒಂದು ಮಾತು ಖಾರವಾಗಿಯೇ ಹೇಳುತ್ತೇವೆ. ಯಜಮಾನರಿಗೆ ಕಾಯಿಲೆ ಬಂದರೆ ಹೆಂಗಸರು ಬೇರೆ ಅಡುಗೆ ಮಾಡಿ ಬಡಿಸುತ್ತಾರೆ. ಹೆಂಗಸರಿಗೇ ಬಂದರೆ? ಎಲ್ಲರೂ ಉಂಡ ಮೇಲೆ ಮಿಕ್ಕಿದ ಅನ್ನ ತಿಂದು, ಮಾತ್ರೆಯ ಹೊತ್ತು ಮೀರಿಸಿ ಸುಮ್ಮನಾಗುತ್ತಾರೆ. ಇದು ನಡೆಯಕೂಡದು. ಕಾಯಿಲೆಯವರಿಗೆ ಒಂದು ಪಾತ್ರೆ, ಉಳಿದವರಿಗೆ ಇನ್ನೊಂದು ಪಾತ್ರೆ ಬೇಡ. ಈ ಊಟ ಮನೆಮಂದಿಗೆಲ್ಲ ಒಳ್ಳೆಯದು, ಮಕ್ಕಳಿಗಂತೂ ಇನ್ನೂ ಒಳ್ಳೆಯದು.

ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳುವವರಿಗೆ ಊಟ ತಪ್ಪಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಸಕ್ಕರೆ 70ಕ್ಕಿಂತ ಇಳಿದಿರುತ್ತದೆ. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷದಲ್ಲಿ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇದನ್ನು ಮನೆಯ ಮಕ್ಕಳಿಗೂ ಕಲಿಸಿ. ರಾತ್ರಿ ಮಲಗೋ ಮುಂಚೆ ಪಾದ ತೊಳೆದು, ಒರೆಸಿ, ಗಾಯವಿದೆಯೇ ನೋಡಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡದ ಪರೀಕ್ಷೆ ಆಗಲಿ.

ದೂರ ಹೋಗಬೇಕಿಲ್ಲ. ಜಯನಗರದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ಹಿಂದೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಡಯಾಬಿಟಾಲಜಿ ಎನಿಸಿದ್ದ, ಈಗ ಎಂಡೋಕ್ರೈನಾಲಜಿ ಸಂಸ್ಥೆಯಾಗಿರುವ ಸರ್ಕಾರಿ ಆಸ್ಪತ್ರೆಯೂ ಜಯನಗರದಲ್ಲೇ ಇದೆ. ಜನೌಷಧಿ ಅಂಗಡಿಗಳಲ್ಲಿ ಮಾತ್ರೆ ಅಗ್ಗ.

ಬಂಧುಗಳೆ, ಸಾಲದ ಕಂತು ಮುಚ್ಚಿಟ್ಟರೆ ಬಡ್ಡಿ ಬೆಳೆಯುತ್ತದೆ, ಕಾಯಿಲೆಯೂ ಹಾಗೆಯೇ. ದಿನದಿನದ ಕಂತು ದಿನದಿನವೂ ಕಟ್ಟೋಣ. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರು ಎಂಬ ಸಹಕಾರ ತತ್ವ ಸಂಘದ ಕಚೇರಿಯಲ್ಲಷ್ಟೇ ಅಲ್ಲ, ನಮ್ಮ ನಮ್ಮ ಅಡುಗೆಮನೆಯಲ್ಲೂ ನಡೆಯಲಿ ಎಂದು ಪ್ರಾರ್ಥಿಸಿ ನಮ್ಮ ಮಾತು ಮುಗಿಸುತ್ತೇವೆ.