ಮುಳಬಾಗಿಲಿನ ಸಂಪಾದಕರು

ಚುನಾವಣೆ ಬಂತೆಂದರೆ ನಮ್ಮ ಕೋಲಾರದ ಕಡೆ ಟೀ ಅಂಗಡಿಯ ಬೆಂಚಿನಲ್ಲೂ ಎರಡು ಪಕ್ಷ. ಒಬ್ಬರು ಓದುವ ಪೇಪರನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಇದೇ ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ನಾವು ಕಗ್ಗದ ಕವಿಯೆಂದೇ ನೆನೆಯುತ್ತೇವೆ. ಆದರೆ ಕಸುಬಿನಿಂದ ಅವರು ಪತ್ರಕರ್ತರು, ಅದೂ ಸಮಾಧಾನದ ದನಿಯ ಪತ್ರಕರ್ತರು. ಸಮಾಧಾನದ ದನಿ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ, ನೋಡಿ. ಆಳುವವರ ತಪ್ಪನ್ನು ಅವರು ಎತ್ತಿ ಹೇಳಿದರು, ಬೈಗುಳಕ್ಕೆ ಮಾತ್ರ ಇಳಿಯಲಿಲ್ಲ. ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆ ಬಂದ ಚೆಕ್ಕುಗಳು, ಅವರು ತೀರಿಕೊಂಡ ಮೇಲೆ, ನಗದಾಗದೆ ಪೆಟ್ಟಿಗೆಯಲ್ಲೇ ಸಿಕ್ಕವಂತೆ. ಯಾರ ಹಂಗೂ ಇಲ್ಲದವರ ಮಾತನ್ನು ಎರಡೂ ಕಡೆಯವರು ಕೇಳುತ್ತಾರೆ.

1970ರಲ್ಲಿ ಅವರಿಗೆ ಸುಮಾರು 90 ಸಾವಿರ ರೂಪಾಯಿ ಹಮ್ಮಿಣಿ ಸಂದಿತು. ಆ ಕಾಲಕ್ಕೆ ದೊಡ್ಡ ಗಂಟೇ. ಡಿವಿಜಿ ಅಷ್ಟನ್ನೂ ತಾವು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೇ ಕೊಟ್ಟುಬಿಟ್ಟರು.