ಎದುರು ಕೂತವರ ಪಾಲು



ಚಿತ್ರಕಾರನಾಗಬೇಕೆಂದು ವಿನ್ಸೆಂಟ್ ವ್ಯಾನ್ ಗೋ ಮನಸ್ಸು ಮಾಡಿದ್ದು 1880ರಲ್ಲಿ. ಆಗ ಅವನಿಗೆ 27 ವರ್ಷ. ಅಷ್ಟು ಹೊತ್ತಿಗೆ ಕಲಾಕೃತಿ ಮಾರುವ ಅಂಗಡಿಯ ನೌಕರಿ, ಮೇಷ್ಟರ ಕೆಲಸ, ಪುಸ್ತಕದಂಗಡಿ, ಗಣಿ ಕಾರ್ಮಿಕರ ನಡುವೆ ಧರ್ಮಬೋಧನೆ, ಎಲ್ಲವೂ ಒಂದೊಂದಾಗಿ ಕೈಬಿಟ್ಟಿದ್ದವು. ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಸೀಮೆಯಲ್ಲೇ ಕೂತು, ಷಾರ್ಲ್ ಬಾರ್ಗ್ ಎಂಬಾತ ರೂಪಿಸಿದ ಡ್ರಾಯಿಂಗ್ ಪಾಠದ ಹಾಳೆಗಳನ್ನು ಎರವಲು ತರಿಸಿಕೊಂಡು, ಅವನ್ನು ನಕಲು ಮಾಡುತ್ತಾ ಕೈ ಪಳಗಿಸಿಕೊಂಡ. ಆ ದಿನಗಳ ಅವನ ಚಿತ್ರಗಳಲ್ಲಿ ಮನುಷ್ಯರು ಬಿಗಿದುಕೊಂಡು ನಿಂತಿದ್ದಾರೆ. ಕೈಕಾಲುಗಳ ಅಳತೆ ಕೂಡಿಬಂದಿಲ್ಲ. ಹಗಲೆಲ್ಲ ಆಫೀಸು, ಅಂಗಡಿ, ಅಡುಗೆಮನೆ ಅಂತ ದುಡಿದು, ರಾತ್ರಿ ಊಟವಾದ ಮೇಲೆ ಪೆನ್ಸಿಲ್ ಹಿಡಿದು ಮುಖ ಬಿಡಿಸಲು ಕಲಿಯುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರು ಸೂರ್ಯಕಾಂತಿ ಹೂಗಳ ವ್ಯಾನ್ ಗೋನನ್ನು ನೋಡುವ ಮೊದಲು ಈ ವ್ಯಾನ್ ಗೋನನ್ನು ನೋಡಬೇಕು ಅಂತ ನನಗೆ ಅನಿಸುತ್ತದೆ.

ಮುಖ ಬಿಡಿಸಲು ಹೊಸದಾಗಿ ತೊಡಗಿದವರು ಸಾಮಾನ್ಯವಾಗಿ ಕಣ್ಣುಗಳನ್ನು ತೀರಾ ಮೇಲೆ ಇಟ್ಟುಬಿಡುತ್ತಾರೆ. ಹಣೆ, ನೆತ್ತಿಯ ಕಡೆ ನಮ್ಮ ಗಮನವೇ ಹೋಗುವುದಿಲ್ಲ. ನಾವು ಮಾತಾಡುವುದು ಕಣ್ಣಿನ ಜೊತೆ, ಬಾಯಿಯ ಜೊತೆ. ಕನ್ನಡಿಯ ಮುಂದೆ ನಿಂತು ಅಳೆದು ನೋಡಿ. ನೆತ್ತಿಯಿಂದ ಕಣ್ಣಿಗೆ ಎಷ್ಟು ದೂರವೋ, ಕಣ್ಣಿನಿಂದ ಗದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಕೂರುವಷ್ಟು ಜಾಗ. ನಮ್ಮ ಶಿಲ್ಪಿಗಳು ಇಂಥ ಲೆಕ್ಕವನ್ನು ತಾಲಮಾನ ಅಂತ ಕಟ್ಟಿಟ್ಟಿದ್ದಾರೆ. ಮುಖದ ಉದ್ದ ಒಂದು ತಾಲ. ಒಂಬತ್ತು ಮುಖದಷ್ಟು ಎತ್ತರವಿದ್ದರೆ ಅದು ನವತಾಲದ ವಿಗ್ರಹ. ಗಣಪತಿಗೆ ಐದೇ ತಾಲ ಸಾಕು. ದೇವರ ವಿಗ್ರಹಕ್ಕೆ ಅಳತೆಯೇ ಆಧಾರ. ಪಕ್ಕದ ಮನೆಯ ಅಜ್ಜನನ್ನು ಬಿಡಿಸುವಾಗ ಅಳತೆ ಬರೀ ಮೊದಲ ಮೆಟ್ಟಿಲು. ಅಜ್ಜನ ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಸ್ವಲ್ಪ ಜೋತಿದೆ, ಮೂಗು ನೂಲಿನಷ್ಟು ಓರೆಯಾಗಿದೆ, ಹಲ್ಲು ಹೋದ ಕಡೆ ಕೆನ್ನೆ ಒಳಕ್ಕೆ ಹೋಗಿದೆ. ಶಾಸ್ತ್ರಕ್ಕೆ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಅಜ್ಜ ಸಿಗುತ್ತಾರೆ.

ಇದನ್ನು ಫೋಟೋ ನೋಡಿಕೊಂಡು ಕಲಿಯಬಾರದೇ ಅಂತ ಕೇಳಬಹುದು. ಕಲಿಯಬಹುದು, ಬಹಳ ಜನ ಹಾಗೇ ಕಲಿಯುತ್ತಿದ್ದಾರೆ. ಮೊಬೈಲಿನಲ್ಲಿರುವ ಮುಖ ಅಲುಗಾಡುವುದಿಲ್ಲ, ದಣಿಯುವುದೂ ಇಲ್ಲ. ಆದರೆ ಮೈಯ ತೂಕ ಎಲ್ಲಿ ಬೀಳುತ್ತದೆ ಅನ್ನುವುದನ್ನು ಕಲಿಸಲು ಜೀವಂತ ಮನುಷ್ಯರೇ ಬೇಕು. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವರ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಬೇಲೂರಿನ ಮದನಿಕೆಯರನ್ನು ನೋಡಿದವರಿಗೆ ಈ ಬಾಗು ಗೊತ್ತು. ಕಂಕುಳಲ್ಲಿ ಮಗು ಕೂರಿಸಿಕೊಂಡು ಬಸ್ಸಿಗೆ ಕಾಯುವ ಹೆಂಗಸಿನ ಮೈಯಲ್ಲೂ ಇರುವುದು ಅದೇ ಬಾಗು. ಬಸ್ಸು ಬರುವುದರೊಳಗೆ ಅದು ಕಾಗದಕ್ಕೆ ಇಳಿಯಬೇಕು. ಕಣ್ಣು ಮೂಗು ಬಿಡಿ, ತಲೆಯಿಂದ ಹಿಮ್ಮಡಿಯವರೆಗೆ ಹರಿಯುವ ಒಂದು ಗೆರೆ ಸಿಕ್ಕರೆ ಸಾಕು. ಕಲಾಶಾಲೆಗಳಲ್ಲಿ ಅರ್ಧ ನಿಮಿಷ, ಒಂದು ನಿಮಿಷದ ಭಂಗಿಗಳನ್ನು ಮೊದಲು ಬಿಡಿಸಲು ಹೇಳುವುದು ಇದಕ್ಕೇ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೊಡ್ಡ ಚಿತ್ರಕಾರರಾಗಿದ್ದೂ ಕಥಕ್ ನೃತ್ಯ ಕಲಿತರು. ಕುಣಿಯುವವರನ್ನು ಕೆಲವೇ ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳನ್ನು ನೋಡಿದರೆ, ಆ ಲಯ ಅವರ ಮೈಗೆ ಮೊದಲು ಬಂದು ಆಮೇಲೆ ಕೈಗೆ ಇಳಿದದ್ದು ಅನಿಸದೇ ಇರದು.

ಹೀಗೆ ಕಲಿಯುವವರ ಎದುರು ಯಾರೋ ಒಬ್ಬರು ಕೂತಿರುತ್ತಾರೆ, ನಿಂತಿರುತ್ತಾರೆ. ಅವರ ಮಾತು ಬರುವುದೇ ಕಡಿಮೆ. ಅಲುಗಾಡದೆ ಇಪ್ಪತ್ತು ನಿಮಿಷ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಕಾಲು ಜೋಮು ಹಿಡಿಯುತ್ತದೆ, ಕುತ್ತಿಗೆ ಸೆಳೆಯುತ್ತದೆ, ಮೂಗಿನ ತುದಿಯಲ್ಲಿ ತುರಿಕೆ ಆಗಲೇ ಶುರುವಾಗುತ್ತದೆ. ಕಲಾಶಾಲೆಗಳಲ್ಲಿ ದಿನಗೂಲಿಗೆ ಮಾಡೆಲ್ ಆಗಿ ಕೂರುವ ಹೆಂಗಸರು, ಗಂಡಸರು ಇದ್ದಾರೆ. ಮುಂಬಯಿಯ ಕಲಾಶಾಲೆಯಲ್ಲಿ ಹಾಗೆ ಕೂರುವ ಒಬ್ಬ ತಾಯಿಯ ಕಥೆಯನ್ನು ರವಿ ಜಾಧವ್ ‘ನ್ಯೂಡ್’ ಎಂಬ ಮರಾಠಿ ಸಿನಿಮಾದಲ್ಲಿ ಹೇಳಿದರು, ಅದು ತೆರೆಗೆ ಬಂದದ್ದು 2018ರಲ್ಲಿ. ಆ ತಾಯಿ ತಾನು ಮಾಡುವ ಕೆಲಸವನ್ನು ಮಗನಿಂದಲೂ ಮುಚ್ಚಿಡಬೇಕಾಗುತ್ತದೆ. ಮೈಮುರಿದು ದುಡಿದ ಬೇರೆ ಯಾವ ಕೂಲಿಗೂ ಇರುವ ಮರ್ಯಾದೆ ಈ ಕೂಲಿಗೂ ಸಲ್ಲಬೇಕು.

ವ್ಯಾನ್ ಗೋನ ಹತ್ತು ವರ್ಷಗಳ ಕಲಿಕೆಯನ್ನು ಅವನೆದುರು ಕೂತವರ ಲೆಕ್ಕದಲ್ಲೇ ಹೇಳಿಬಿಡಬಹುದು. 1882ರಲ್ಲಿ ಹೇಗ್ ನಗರದಲ್ಲಿ ವೃದ್ಧಾಶ್ರಮದ ಒಬ್ಬ ಮುದುಕ ಎರಡೂ ಮುಷ್ಟಿಗಳಲ್ಲಿ ಮುಖ ಹುದುಗಿಸಿ ಅವನೆದುರು ಕೂತ. ಆಮೇಲೆ ನ್ಯೂನೆನ್ ಎಂಬ ಹಳ್ಳಿಯಲ್ಲಿ ಒಂದು ಚಳಿಗಾಲವಿಡೀ ರೈತರ ಮುಖಗಳನ್ನೇ ಬಿಡಿಸಿದ, ಸುಮಾರು 40 ಮುಖ. ಆಲೂಗಡ್ಡೆ ತಿನ್ನುವವರ ಆ ಪ್ರಸಿದ್ಧ ಚಿತ್ರ 1885ರಲ್ಲಿ ಮೂಡಿದ್ದು ಅವುಗಳ ಬೆನ್ನಿಗೇ. ಪ್ಯಾರಿಸಿಗೆ ಹೋದಾಗ ಮಾಡೆಲ್‌ಗಳಿಗೆ ಕೊಡಲು ಹಣವಿಲ್ಲದೆ ತನ್ನ ಮುಖವನ್ನೇ ಮತ್ತೆ ಮತ್ತೆ ಬಿಡಿಸಿದ. 1888ರಲ್ಲಿ ಆರ್ಲ್ ಎಂಬ ಊರಲ್ಲಿ ಅಂಚೆ ಇಲಾಖೆಯ ರೂಲಾಂ ಪರಿಚಯವಾದ. ದೊಡ್ಡ ಗಡ್ಡದ ಆ ಮನುಷ್ಯ ಕೂತಿದ್ದಕ್ಕೆ ದುಡ್ಡು ಮುಟ್ಟಲಿಲ್ಲ, ಜೊತೆಗೆ ಕೂತು ಉಂಡ ಅಷ್ಟೇ. ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು, ಕೆಲವೇ ತಿಂಗಳ ಹಸುಗೂಸು ಸಹಿತ ಇಡೀ ಮನೆಯೇ ಆ ಚಿತ್ರಗಳಲ್ಲಿದೆ. ರೂಲಾಂ ಇವತ್ತು ಅಮೆರಿಕದ ಬೋಸ್ಟನ್ ನಗರದ ಮ್ಯೂಸಿಯಮ್ಮಿನಲ್ಲಿ ತನ್ನ ನೀಲಿ ಸಮವಸ್ತ್ರದಲ್ಲಿ ಕೂತಿದ್ದಾನೆ.

ನಮ್ಮ ಮನೆಗಳಲ್ಲಿ ಮೊದಲ ಮಾಡೆಲ್ ಸಾಮಾನ್ಯವಾಗಿ ಅಮ್ಮ. ಅಕ್ಕಿ ಆರಿಸುತ್ತಾ ತನ್ನಷ್ಟಕ್ಕೆ ಕೂತ ಅಮ್ಮನನ್ನು ನೋಡಿ ಮಗ ಪುಸ್ತಕ ತೆಗೆಯುತ್ತಾನೆ. ಗೊತ್ತಾದ ಕೂಡಲೇ ಅಮ್ಮ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು ಕೂರುತ್ತಾಳೆ. ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ. ಮರಳಿ ಅವಳು ಅವಳಾಗಲು ಹತ್ತು ನಿಮಿಷವಾದರೂ ಬೇಕು, ಆ ಹತ್ತು ನಿಮಿಷ ಸುಮ್ಮನೆ ಮಾತಾಡಿಸುತ್ತಾ ನೋಡಬೇಕು. ಚಿತ್ರ ಮುಗಿದ ಮೇಲೆ, “ನಾನು ಇಷ್ಟೊಂದು ಮುದುಕಿ ಆಗಿಬಿಟ್ಟಿದೀನೇನೋ?” ಅಂತ ಕೇಳುತ್ತಾಳೆ. ಬಹಳ ಮಂದಿ ಆಗ ರಬ್ಬರ್ ತೆಗೆದುಕೊಂಡು ಸುಕ್ಕುಗಳನ್ನೆಲ್ಲ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಸುಕ್ಕು ಗೆರೆಯಲ್ಲ, ಚರ್ಮ ಮಡಿಸಿದ ಕಡೆ ಬೀಳುವ ತೆಳುವಾದ ನೆರಳು. ಎಲ್ಲ ಸುಕ್ಕನ್ನೂ ಒಂದೇ ಸಮನೆ ಒತ್ತಿ ಬಿಡಿಸಿದರೆ ಯಾವ ಮುಖಕ್ಕಾದರೂ ಹತ್ತು ವರ್ಷ ಏರುತ್ತದೆ. ಕೈ ಹಗುರ ಮಾಡಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ, ಇನ್ನೊಂದು ಹಾಳೆಯಲ್ಲಿ ಮತ್ತೆ ಬಿಡಿಸಿ.

ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುವಾಗ ರಸ್ತೆಬದಿಯಲ್ಲೇ ಕೂತು ಮುಖ ಬಿಡಿಸಿಕೊಡುವ ಕಲಾವಿದರನ್ನು ನೀವು ನೋಡಿರಬಹುದು. ಸಂತೆಯವರೆಗೆ ಹೋಗಬೇಕಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಮುಖ ಬಿಡಿಸಲು ಕಲಿಯುತ್ತಿದ್ದರೆ ಈ ಭಾನುವಾರ ಇಪ್ಪತ್ತು ನಿಮಿಷ ಅವರೆದುರು ಕೂತುಕೊಳ್ಳಿ. ಅವರೆಕಾಯಿ ಬಿಡಿಸುತ್ತಾ ಕೂತರೂ ಸರಿ, ಪೇಪರ್ ಓದುತ್ತಾ ಕೂತರೂ ಸರಿ. ಚಿತ್ರ ನಿಮ್ಮ ಹಾಗೆ ಬರದಿದ್ದರೆ ಮುಂದಿನ ಭಾನುವಾರವೂ ಕೂತುಕೊಳ್ಳಿ. ಕಲಿಯುತ್ತಿರುವವರು ಹಾಳೆಯ ಮೂಲೆಯಲ್ಲಿ ತಮ್ಮ ಸಹಿ, ತಾರೀಖು ಹಾಕುವಾಗ ಕೂತವರ ಹೆಸರನ್ನೂ ಬರೆಯಲಿ.